ಊದುವುದು, ಸೂಜಿ, ಮಾತ್ರೆ, ತಂತಿ: ಓಡುವ ಎದೆಯೊಂದಿಗೆ ನನ್ನ ಒಂಬತ್ತು ವರ್ಷ

ಮೊದಲ ಸಲ ಅದು ಬಂದದ್ದು ಬೆಳಗ್ಗೆ, ಅರಸೀಕೆರೆಯ ನಮ್ಮ ಮನೆ ಮುಂದೆ ಬಗ್ಗಿ ರಂಗೋಲಿ ಎಳೆಯುತ್ತಿದ್ದಾಗ. ಆಗ ನನಗೆ 34 ವರ್ಷ. ಎದೆಬಡಿತ ಮೆಲ್ಲಗೆ ಜೋರಾದದ್ದಲ್ಲ. ಒಂದು ಬಡಿತ ಸರಿಯಾಗಿತ್ತು, ಮುಂದಿನದರಿಂದ ಓಟ. ಗಂಟಲ ಗುಳಿಯಲ್ಲಿ ಕಪ್ಪೆ ಕುಪ್ಪಳಿಸಿದ ಹಾಗೆ ಏನೋ ಪಟಪಟ ಹೊಡೆದುಕೊಳ್ಳುತ್ತಿತ್ತು. ರಂಗೋಲಿ ಬಟ್ಟಲನ್ನು ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಯಾಕಮ್ಮಾ, ಏನಾಯ್ತು? ಮುಖ ಎಲ್ಲ ಬಿಳುಚಿಕೊಂಡೈತಲ್ಲ" ಎಂದು ಅತ್ತೆ ಓಡಿಬಂದರು. ಇಪ್ಪತ್ತು ನಿಮಿಷಕ್ಕೆ ಒಂದು ಬಡಿತ ತಪ್ಪಿದಂತಾಗಿ ಎಲ್ಲ ಮೊದಲಿನಂತಾಯಿತು. ಆಮೇಲೆ ಒಂದು ಗಂಟೆಯಲ್ಲಿ ನಾಲ್ಕು ಸಲ ಮೂತ್ರಕ್ಕೆ ಹೋದೆ. ಅದೂ ಇದೇ ಕಾಯಿಲೆಯ ಗುರುತು ಎಂದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು. ಹೃದಯದ ಮೇಲಿನ ಕೋಣೆಗಳು ಒತ್ತಡಕ್ಕೆ ಹಿಗ್ಗಿದಾಗ ಮೂತ್ರ ಹೆಚ್ಚಿಸುವ ಹಾರ್ಮೋನೊಂದು ಹೊರಬರುತ್ತದಂತೆ.

ಇದಕ್ಕೆ ಎಸ್‌ವಿಟಿ ಎನ್ನುತ್ತಾರೆ, ಎದೆಬಡಿತ ಇದ್ದಕ್ಕಿದ್ದಂತೆ ಓಟ ಹಿಡಿಯುವ ಕಾಯಿಲೆ. ಈ ಒಂಬತ್ತು ವರ್ಷದಲ್ಲಿ ತಣ್ಣೀರಿನಿಂದ ಹಿಡಿದು ಹೃದಯದೊಳಗೆ ತಂತಿ ಬಿಟ್ಟು ಸುಡುವ ಅಬ್ಲೇಶನ್‌ವರೆಗೆ ಎಲ್ಲವನ್ನೂ ಮಾಡಿ ನೋಡಿದ್ದೇನೆ. ಯಾವುದು ಎಷ್ಟು ಬೇಗ ಓಟ ನಿಲ್ಲಿಸುತ್ತದೆ ಎಂಬುದನ್ನು ಬರೆಯುತ್ತೇನೆ. ಆದರೆ ನಾನು ಅಳೆದದ್ದು ಬೇರೆ ಅಳತೆಗೋಲಿನಿಂದ. ತಿಂಗಳಿಗೆ ಎರಡು ಸಲ ಬಂದು, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೋಗುತ್ತಿದ್ದ ಕಾಯಿಲೆ ಇದು. ಉಳಿದ 28 ದಿನ ಅದಕ್ಕೆ ಹೆದರಿಕೊಂಡು ಬದುಕಿದ್ದೇ ನನ್ನ ನಿಜವಾದ ಕಷ್ಟ. ಆ ದಿನಗಳನ್ನು ಯಾವುದು ಎಷ್ಟು ವಾಪಸ್ ಕೊಟ್ಟಿತು, ಅದು ನನ್ನ ಲೆಕ್ಕ.

ಕಾಯಿಲೆ ಯಾವುದೆಂದು ತಿಳಿಯಲು ಮೂರು ವರ್ಷ ಹಿಡಿದದ್ದು ಯಾಕೆಂದರೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಓಟ ನಿಂತಿರುತ್ತಿತ್ತು, ಇಸಿಜಿ ನಾರ್ಮಲ್ ಬರುತ್ತಿತ್ತು. ಒಬ್ಬರು ಗ್ಯಾಸ್ ಎಂದರು. ಇನ್ನೊಬ್ಬರು, "ಟೀಚರ್ ಕೆಲಸ ಅಲ್ವಾ, ಟೆನ್ಶನ್ ಮಾಡ್ಕೋಬೇಡಿ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಹೆಂಗಸರ ಎದೆಬಡಿತವನ್ನು ಟೆನ್ಶನ್ ಎಂದು ಬದಿಗಿಡುವುದು ನನ್ನೊಬ್ಬಳಿಗೆ ಆದದ್ದಲ್ಲ. ನನಗಿದ್ದ ಬಗೆಯ ಕಾಯಿಲೆ ಹೆಂಗಸರಲ್ಲೇ ಹೆಚ್ಚು ಎಂಬುದನ್ನು ನೋಡಿದರೆ ಇದು ಇನ್ನೂ ನೋವು ಕೊಡುತ್ತದೆ.

ಹಾಗಾಗಿ ಮೊದಲ ಹೋಲಿಕೆ, ಕಳ್ಳನನ್ನು ಹಿಡಿಯುವ ಸಾಧನಗಳದ್ದು. ಎದೆಗೆ ವೈರು ಅಂಟಿಸಿಕೊಂಡು 24 ಗಂಟೆ ಓಡಾಡುವ ಹೋಲ್ಟರ್ ಯಂತ್ರವನ್ನು ಎರಡು ಸಲ ಕಟ್ಟಿದರು. ಎರಡೂ ಸಲ ಅದು ಬರಲೇ ಇಲ್ಲ. ತಿಂಗಳಿಗೆ ಎರಡು ಸಲ ಬರುವುದನ್ನು ಒಂದು ದಿನದ ಬಲೆಯಲ್ಲಿ ಹಿಡಿಯುವುದು ಅದೃಷ್ಟದ ಮಾತು. ಆಮೇಲೆ ಮೈದುನ ಬೆಂಗಳೂರಿನಿಂದ ಇಸಿಜಿ ತೆಗೆಯುವ ಸ್ಮಾರ್ಟ್ ವಾಚ್ ತಂದುಕೊಟ್ಟರು. ಬೆರಳಿಟ್ಟು 30 ಸೆಕೆಂಡ್ ಅಲುಗಾಡದೆ ಕೂತರೆ ಗೆರೆ ಬರುತ್ತದೆ. ಅದು ನನ್ನ ಕಾಯಿಲೆಯ ಹೆಸರು ಹೇಳಲಿಲ್ಲ. ಆದರೆ ನಿಮಿಷಕ್ಕೆ 188 ಬಡಿತದ ಸಾಲುಸಾಲು ಗೆರೆಗಳು ಕಾಗದಕ್ಕಿಳಿದವು. ಅದನ್ನು ನೋಡಿದ ಹೃದಯ ತಜ್ಞರು ಮೊದಲ ಸಲ ಕುರ್ಚಿಯಲ್ಲಿ ಮುಂದೆ ಬಂದು ಕೂತು, "ಇದು ನಿಮ್ಮ ಮನಸ್ಸಿನದ್ದಲ್ಲ ಮೇಡಂ" ಎಂದರು. ಆ ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ.

ಆದರೂ ವಾಚಿಗಿಂತ ಗಟ್ಟಿಯಾದ ಸಾಕ್ಷಿ ಆಸ್ಪತ್ರೆಯ 12 ಲೀಡ್ ಇಸಿಜಿಯೇ. ಅದು ಹೃದಯವನ್ನು ಹನ್ನೆರಡು ಕೋನದಿಂದ ನೋಡುತ್ತದೆ, ವಾಚು ನೋಡುವುದು ಒಂದೇ ಕೋನದಿಂದ. ಸರ್ಕಾರಿ ಆಸ್ಪತ್ರೆಯ ಪಕ್ಕದಲ್ಲೇ ಇದ್ದಾಗ ಒಮ್ಮೆ ಶುರುವಾಯಿತು, ಓಡಿಹೋಗಿ ಮಲಗಿದೆ, ಎಲ್ಲ ಸಿಕ್ಕಿತು. ಇಸಿಜಿ ಇರುವ ಕಡೆಗೆ ಹತ್ತು ನಿಮಿಷದ ದಾರಿ ಇದ್ದವರು ಮೊದಲು ಅಲ್ಲಿಗೇ ಹೋಗಲಿ ಎನ್ನುತ್ತೇನೆ. ವಾಚಿನಿಂದ ನನಗಾದ ಇನ್ನೊಂದು ತೊಂದರೆಯನ್ನೂ ಹೇಳಬೇಕು. ಪಾಠ ಮಾಡುವಾಗಲೂ ಮಣಿಕಟ್ಟು ನೋಡುವ ಚಾಳಿ ಹತ್ತಿತು. 92 ತೋರಿಸಿದರೂ ಕೈ ಬೆವರುತ್ತಿತ್ತು. ರೋಗದ ಹೆಸರು ಗೊತ್ತಾದ ಮೇಲೆ ಅದನ್ನು ಬಿಚ್ಚಿ ಬೀರುವಿಗೆ ಸೇರಿಸಿದೆ.

ಹೆಸರು ಎಸ್‌ವಿಟಿ, ಅದರಲ್ಲೂ ಎವಿ ನೋಡ್ ಒಳಗೇ ಸುತ್ತುವ ಬಗೆ. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂದೇಶ ಇಳಿಯುವುದು ಎವಿ ನೋಡ್ ಎಂಬ ಬಾಗಿಲಿನಿಂದ. ಕೆಲವರಿಗೆ ಅಲ್ಲಿ ಎರಡು ದಾರಿ ಇರುತ್ತದೆ, ಒಂದು ವೇಗದ್ದು, ಒಂದು ನಿಧಾನದ್ದು. ಒಂದು ಬಡಿತ ಹೊತ್ತಿಗೆ ಮುಂಚೆಯೇ ಬಂದರೆ ಸಂದೇಶ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಮೇಲೇರಿ ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಒಂದು ಬಡಿತ. ಮೇಲಿನ ಕೋಣೆ, ಕೆಳಗಿನ ಕೋಣೆ ಒಟ್ಟಿಗೇ ಹಿಂಡಿಕೊಳ್ಳುವುದರಿಂದ ರಕ್ತ ಕುತ್ತಿಗೆಗೆ ಒದೆಯುತ್ತದೆ. ನನ್ನ ಗಂಟಲ ಕಪ್ಪೆ ಅದೇ. ಬಗ್ಗಿ ಏಳುವುದು ಇದಕ್ಕೆ ಸಾಮಾನ್ಯ ನೆಪ ಎಂದು ಡಾಕ್ಟರು ಹೇಳಿದಾಗ ರಂಗೋಲಿ ನೆನಪಾಯಿತು.

ಇದು ಹೃದಯಾಘಾತವಲ್ಲ. ಹೃದಯದಲ್ಲಿ ಬೇರೆ ದೋಷವಿಲ್ಲದವರಿಗೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಅದು ತಲೆಗೆ ಗೊತ್ತು, ಎದೆಗೆ ಗೊತ್ತಾಗುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವದ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರಲ್ಲ, ಆ ವಾರಗಳಲ್ಲಿ ನಮ್ಮಮ್ಮ ದಿನಕ್ಕೆ ಮೂರು ಸಲ ಫೋನ್ ಮಾಡಿ "ಉಸಿರಾಡ್ತಿದ್ದೀಯಾ ಮಗಳೇ?" ಎಂದೇ ಮಾತು ಶುರು ಮಾಡುತ್ತಿದ್ದರು.

ಈಗ ನಿಲ್ಲಿಸುವ ಉಪಾಯಗಳಿಗೆ ಬರುತ್ತೇನೆ. ಔಷಧಿಯಿಲ್ಲದ ಉಪಾಯಗಳ ಗುರಿ ಒಂದೇ, ಬಡಿತ ನಿಧಾನಿಸುವ ವೇಗಸ್ ನರವನ್ನು ಕೆರಳಿಸಿ ಎವಿ ನೋಡನ್ನು ಒಂದು ಕ್ಷಣ ಮಂಕಾಗಿಸಿ ಗಾಣ ನಿಲ್ಲಿಸುವುದು. ಕೆಮ್ಮುವುದರಿಂದ ನನಗೆ ಏನೂ ಆಗಲಿಲ್ಲ. ಐಸ್ ಹಾಕಿದ ನೀರಿನಲ್ಲಿ ಮುಖ ಮುಳುಗಿಸಿದಾಗ ಕೆಲವು ಸಲ ನಿಂತಿದೆ, ಆದರೆ ಸ್ಕೂಲಿನಲ್ಲಿ ಐಸ್ ಎಲ್ಲಿಂದ ತರಲಿ. ಕುತ್ತಿಗೆಯ ರಕ್ತನಾಳ ಉಜ್ಜುವುದನ್ನು ಡಾಕ್ಟರೇ ಒಮ್ಮೆ ಮಾಡಿದರು. ವಯಸ್ಸಾದವರಿಗೆ ಅಲ್ಲಿ ಕೊಬ್ಬು ಕಟ್ಟಿದ್ದರೆ ಪಾರ್ಶ್ವವಾಯು ಆಗುವ ಅಪಾಯವಿದೆ, ಅದನ್ನು ಮನೆಯಲ್ಲಿ ಮಾಡಲೇಬಾರದು. ಕಣ್ಣುಗುಡ್ಡೆ ಒತ್ತಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಕಣ್ಣಿನ ಪರದೆಗೆ ಪೆಟ್ಟಾಗಬಹುದು.

ಉಸಿರು ಬಿಗಿಹಿಡಿದು ತಿಣುಕುವುದಕ್ಕೆ ವಲ್ಸಾಲ್ವ ಎನ್ನುತ್ತಾರೆ. ಇಟಲಿಯ ಅಂಗರಚನಾ ತಜ್ಞ ಆಂಟೋನಿಯೊ ಮರಿಯಾ ವಲ್ಸಾಲ್ವ ಇದನ್ನು 1704ರಲ್ಲಿ ಬರೆದದ್ದು ಕಿವಿಯ ಸಲುವಾಗಿ. ಹೃದಯಕ್ಕೆ ಇದು ಬಂದದ್ದು ಬಹಳ ತಡವಾಗಿ. ಬರೀ ಕೂತು ತಿಣುಕುವ ಹಳೆಯ ಕ್ರಮ ನನಗೆ ಹನ್ನೊಂದು ಪ್ರಯತ್ನದಲ್ಲಿ ಎರಡೇ ಸಲ ಕೆಲಸ ಮಾಡಿತು. ತಿದ್ದಿದ ಕ್ರಮ ಬೇರೆಯೇ. ಅರ್ಧ ಒರಗಿ ಕೂತು 10 ಎಂಎಲ್ ಸಿರಿಂಜಿನ ಬಾಯಿಗೆ ತುಟಿಯಿಟ್ಟು, ಒಳಗಿನ ದಂಡ ತುಸು ಅಲುಗುವಷ್ಟು ಬಲವಾಗಿ 15 ಸೆಕೆಂಡ್ ಊದಬೇಕು. ಕೂಡಲೇ ಅಂಗಾತ ಮಲಗಬೇಕು, ಇನ್ನೊಬ್ಬರು ಎರಡೂ ಕಾಲನ್ನು 45 ಡಿಗ್ರಿಗೆ ಎತ್ತಿ 15 ಸೆಕೆಂಡ್ ಹಿಡಿಯಬೇಕು. ಕಾಲಿನ ರಕ್ತ ಒಮ್ಮೆಲೇ ಎದೆಗೆ ನುಗ್ಗಿ ನರ ಇನ್ನಷ್ಟು ಬಲವಾಗಿ ಕೆಲಸ ಮಾಡುತ್ತದೆ. 2015ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 428 ಜನರ ಮೇಲೆ ಎರಡನ್ನೂ ಹೋಲಿಸಿ ನೋಡಿದರು. ಹಳೆಯದರಲ್ಲಿ ನೂರಕ್ಕೆ 17 ಜನರಿಗೆ, ಹೊಸದರಲ್ಲಿ 43 ಜನರಿಗೆ ಒಂದು ನಿಮಿಷದಲ್ಲಿ ಬಡಿತ ಸರಿಹೋಗಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಹದಿನಾಲ್ಕರಲ್ಲಿ ಎಂಟು. ಔಷಧಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸಿರಿಂಜು ಇಷ್ಟು ಮಾಡುತ್ತದೆ ಎಂದು ಎಲ್ಲರಿಗೂ ಗೊತ್ತಾಗಬೇಕು.

ಕೊರತೆ ಎಂದರೆ ಇದಕ್ಕೆ ಜಾಗ ಬೇಕು, ಜನ ಬೇಕು. ಸ್ಟಾಫ್ ರೂಮಿನಲ್ಲಿ ನನ್ನ ಸಹೋದ್ಯೋಗಿ ಬಾಗಿಲು ಹಾಕಿ, ಸೀರೆಯನ್ನು ಕಾಲಿಗೆ ಸುತ್ತಿ ಬಿಗಿದು, ಕಾಲೆತ್ತಿ ಹಿಡಿದು ಜೋರಾಗಿ ಒಂದರಿಂದ ಹದಿನೈದು ಎಣಿಸುತ್ತಿದ್ದರು. ಅವರ ಋಣ ದೊಡ್ಡದು. ಆದರೆ ಹಾಸನದ ಬಸ್ಸಿನಲ್ಲಿ ನಿಂತಿರುವಾಗ ಬಂದರೆ? ಹೋದ ಕಡೆಯೆಲ್ಲ ಮಲಗಲು ಎಲ್ಲಿ ಜಾಗವಿದೆ ಎಂದು ಕಣ್ಣು ಹುಡುಕುತ್ತಿತ್ತು. ಮದುವೆ ಮನೆಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಊದಿದರೂ ನಿಲ್ಲದಿದ್ದಾಗ ಆಸ್ಪತ್ರೆಯಲ್ಲಿ ಅಡೆನೊಸಿನ್ ಚುಚ್ಚುತ್ತಾರೆ. ನನಗೆ ಎರಡು ಸಲ ಕೊಟ್ಟಿದ್ದಾರೆ. ಈ ಔಷಧಿ ರಕ್ತದಲ್ಲಿ ಉಳಿಯುವುದೇ ಕೆಲವು ಸೆಕೆಂಡ್, ಹಾಗಾಗಿ ಮೊಣಕೈ ಸಂದಿನ ದೊಡ್ಡ ರಕ್ತನಾಳಕ್ಕೆ ಸೂಜಿ ಹಾಕಿ, ಹಿಂದೆಯೇ ಸಲೈನ್ ಜೋರಾಗಿ ತಳ್ಳುತ್ತಾರೆ. ಮೊದಲು 6 ಮಿಲಿಗ್ರಾಂ, ಕೇಳದಿದ್ದರೆ 12. ಅಸ್ತಮಾ ಇದೆಯೇ ಎಂದು ಮೊದಲೇ ಕೇಳುತ್ತಾರೆ. ಕಾಫಿ ಟೀ ಕುಡಿದಿದ್ದರೂ ಹೇಳಬೇಕು, ಅವು ಔಷಧಿಯ ಬಲ ತಗ್ಗಿಸುತ್ತವೆ. ಸಿಸ್ಟರ್ ನನ್ನ ಕೈ ಹಿಡಿದು, "ಅಕ್ಕಾ, ಒಂದ್ ಹತ್ತು ಸೆಕೆಂಡ್ ಕಷ್ಟ ಆಗ್ತದೆ, ಹೆದರ್ಕೋಬೇಡಿ" ಎಂದರು. ಎದೆಯ ಮೇಲೆ ಒರಳುಕಲ್ಲು ಇಟ್ಟ ಹಾಗಾಯಿತು, ಪ್ರಾಣ ಹೋಯಿತೆಂದೇ ಅನಿಸಿತು, ಪರದೆಯಲ್ಲಿ ಗೆರೆ ಕ್ಷಣಕಾಲ ಚಪ್ಪಟೆಯಾಯಿತು, ಆಮೇಲೆ ನಿಧಾನವಾಗಿ ಒಂದೊಂದೇ ಬಡಿತ ಬಂತು. ನಿಲ್ಲಿಸುವ ಖಾತ್ರಿಯಲ್ಲಿ ಊದುವುದು ಇದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಆ ಹತ್ತು ಸೆಕೆಂಡಿನ ಭಯಕ್ಕೆ, ಮುಂದಿನ ಸಲ ಮನೆಯಲ್ಲೇ ಎರಡು ಗಂಟೆ ಸಹಿಸಿಕೊಂಡು ಕೂತೆ. ಅದು ತಪ್ಪು. ತಲೆ ಸುತ್ತಿ ಬೀಳುವಂತಾದರೆ, ಎದೆ ನೋವು, ಉಸಿರಾಟದ ಕಷ್ಟ ಇದ್ದರೆ ಊದುತ್ತ ಕೂರದೆ ಹೊರಡಬೇಕು.

ದಿನದ ಮಾತ್ರೆಗಳಲ್ಲಿ ಎರಡನ್ನು ನೋಡಿದೆ. ಮೆಟೊಪ್ರೊಲಾಲ್ ಮೊದಲು 25, ಆಮೇಲೆ 50 ಮಿಲಿಗ್ರಾಂ. ತಿಂಗಳಿಗೆ ಎರಡು ಸಲ ಬರುತ್ತಿದ್ದದ್ದು ಎರಡು ತಿಂಗಳಿಗೊಮ್ಮೆ ಆಯಿತು. ಆದರೆ ಕೂತಲ್ಲಿ ನಾಡಿ 54, ಕೈಕಾಲು ಸದಾ ತಣ್ಣಗೆ, ಎರಡನೇ ಮಹಡಿಯ ಹತ್ತನೇ ತರಗತಿಗೆ ಹತ್ತುವಾಗ ನಡುವೆ ನಿಲ್ಲಬೇಕಿತ್ತು. ಪಾಠದ ನಡುವೆ ಪದ ಮರೆಯುತ್ತಿದ್ದೆ, ಅದು ನನ್ನನ್ನು ಬಹಳ ಕುಗ್ಗಿಸಿತು. ತಂಗಿಯ ಮನೆ ಗೃಹಪ್ರವೇಶದ ಗಡಿಬಿಡಿಯಲ್ಲಿ ಎರಡು ದಿನ ಮಾತ್ರೆ ತಪ್ಪಿಸಿದೆ, ಮೂರನೇ ದಿನ ಎಂದೂ ಇಲ್ಲದಷ್ಟು ಜೋರಾಗಿ ಬಂತು. ಬೀಟಾ ಬ್ಲಾಕರ್ ಎಂಬ ಈ ಜಾತಿಯ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು.

ಡಾಕ್ಟರು ಅದನ್ನು ಇಳಿಸಿ ವೆರಾಪಮಿಲ್‌ಗೆ ಬದಲಿಸಿದರು. ಸುಸ್ತು ಹೋಯಿತು, ತರಗತಿಯಲ್ಲಿ ಮತ್ತೆ ನಾನು ನಾನಾದೆ. ಬದಲಿಗೆ ಮಲಬದ್ಧತೆ ಬಂತು. ರಾಗಿಮುದ್ದೆ, ಸೊಪ್ಪಿನ ಸಾರಿಗೂ ಜಗ್ಗಲಿಲ್ಲ, ಇಸಬ್‌ಗೋಲ್ ಹಿಡಿಯಬೇಕಾಯಿತು. ಓಟ ತಡೆಯುವುದರಲ್ಲಿ ನನಗೆ ಮೆಟೊಪ್ರೊಲಾಲ್ ಮೇಲು, ಬದುಕುವುದಕ್ಕೆ ವೆರಾಪಮಿಲ್. ಎರಡನ್ನೂ ಒಟ್ಟಿಗೆ ನುಂಗಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹೃದಯದಲ್ಲಿ ಹುಟ್ಟಿನಿಂದ ಹೆಚ್ಚುವರಿ ದಾರಿ ಇರುವ ಡಬ್ಲ್ಯುಪಿಡಬ್ಲ್ಯು ಎಂಬ ಬಗೆಯವರಿಗೆ ವೆರಾಪಮಿಲ್ ಕೆಲವು ಸಂದರ್ಭದಲ್ಲಿ ಪ್ರಾಣಕ್ಕೇ ಕುತ್ತು. ನನ್ನ ಪಟ್ಟಿಯಿಂದ ಒಂದು ಮಾತ್ರೆ ಕೊಡಿ ಎಂದು ಪಕ್ಕದ ಬೀದಿಯವರು ಕೇಳಿದಾಗ ಕೊಡದಿದ್ದದ್ದು ಅದಕ್ಕೇ. ಕಾಫಿ ಬಿಟ್ಟೂ ನೋಡಿದೆ, ಆರು ತಿಂಗಳು. ನನ್ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಕೊನೆಗೆ 41ನೇ ವಯಸ್ಸಿಗೆ ಅಬ್ಲೇಶನ್. ಮುಂದೂಡಿದ್ದು ದುಡ್ಡಿಗಲ್ಲ, ಚೀಟಿ ಎತ್ತಿ ಹೊಂದಿಸಿಕೊಂಡಿದ್ದೆವು. ಹೃದಯದೊಳಗೆ ತಂತಿ ಎಂಬ ಮಾತಿಗೇ ನಡುಕ. ಡಾಕ್ಟರು ಕಾಗದದ ಮೇಲೆ ಎರಡು ಆಯ್ಕೆ ಬರೆದು ತೋರಿಸಿದರು. ಒಂದು, ರೇಡಿಯೊ ತರಂಗದ ಬಿಸಿಯಿಂದ ನಿಧಾನದ ದಾರಿಯನ್ನು ಸುಡುವುದು. ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ಯಶಸ್ಸು. ಆದರೆ ಪಕ್ಕದಲ್ಲೇ ಇರುವ ಮುಖ್ಯ ಬಾಗಿಲಿಗೆ ಏಟು ಬಿದ್ದು ಪೇಸ್‌ಮೇಕರ್ ಹಾಕಬೇಕಾಗುವ ಸಾಧ್ಯತೆ ನೂರರಲ್ಲಿ ಒಂದು ಅಥವಾ ಅದಕ್ಕೂ ಕಡಿಮೆ. ಇನ್ನೊಂದು ಕ್ರಯೊ, ಹೆಪ್ಪುಗಟ್ಟಿಸುವುದು. ಮೊದಲು ಸುಮಾರು ಮೈನಸ್ 30 ಡಿಗ್ರಿಗೆ ತಂದು ನೋಡಿ, ತೊಂದರೆ ಕಂಡರೆ ಬಿಸಿಯಾಗಲು ಬಿಟ್ಟರೆ ಸರಿಹೋಗುತ್ತದೆ. ಆದ್ದರಿಂದ ಬಾಗಿಲಿಗೆ ಅಪಾಯ ಕಡಿಮೆ, ಕಾಯಿಲೆ ಮರುಕಳಿಸುವುದು ಹೆಚ್ಚು. ಕಾಯಿಲೆ ಚಿಕ್ಕ ಮಗುವಿನದ್ದಾಗಿದ್ದರೆ ನಾನೂ ಕ್ರಯೊ ಕಡೆಗೇ ವಾಲುತ್ತಿದ್ದೆ. ನನಗೆ ಮತ್ತೆ ಬರುತ್ತದೇನೋ ಎಂಬ ಕಾಯುವಿಕೆಯೇ ಸಾಕಾಗಿತ್ತು. ಬಿಸಿಯನ್ನೇ ಆರಿಸಿಕೊಂಡೆ.

ಬಲ ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಲ್ಲಿನ ರಕ್ತನಾಳದಿಂದ ತಂತಿಗಳನ್ನು ಏರಿಸಿದರು. ನನಗೆ ಎಚ್ಚರವಿತ್ತು. ಬೇಕೆಂದೇ ಓಟ ಶುರು ಮಾಡಿಸಿ, "ಇದೇನಾ ನಿಮ್ಮದು?" ಎಂದು ಕೇಳಿದರು. ಗಂಟಲಲ್ಲಿ ಕಪ್ಪೆ ಎದ್ದಿತ್ತು. "ಇದೇ ಡಾಕ್ಟ್ರೇ, ಇದೇ" ಎಂದೆ. ಸುಡುವಾಗ ಎದೆಯಲ್ಲಿ ಸಣ್ಣ ಉರಿ, ಅಷ್ಟೇ. ಆಮೇಲೆ ಔಷಧಿ ಕೊಟ್ಟು ಎಷ್ಟು ಕೆಣಕಿದರೂ ಓಟ ಹತ್ತಲಿಲ್ಲ. ಎರಡು ಗಂಟೆಯ ಕೆಲಸ, ಆರು ಗಂಟೆ ಕಾಲು ಮಡಿಸದೆ ಮಲಗಿದ್ದೇ ಅದಕ್ಕಿಂತ ಕಷ್ಟ. ತೊಡೆಯಲ್ಲಿ ಎರಡು ವಾರ ನೀಲಿ ಕಲೆ ಇತ್ತು. ಮೊದಲ ಎರಡು ತಿಂಗಳು ಆಗಾಗ ಒಂದು ಬಡಿತ ತಪ್ಪಿ, ಈಗ ಶುರುವಾಯಿತು ಎಂದು ಉಸಿರು ಹಿಡಿಯುತ್ತಿದ್ದೆ. ಶುರುವಾಗುತ್ತಿರಲಿಲ್ಲ. ಇಪ್ಪತ್ತೆರಡು ತಿಂಗಳಾಯಿತು, ಒಂದು ಸಲವೂ ಬಂದಿಲ್ಲ, ಮಾತ್ರೆಯೂ ಇಲ್ಲ. ಕಳೆದ ಧನುರ್ಮಾಸದಲ್ಲಿ ತಿಂಗಳು ಪೂರ್ತಿ ರಂಗೋಲಿ ನಾನೇ ಇಟ್ಟೆ.

ಹಾಗೆಂದು ಎಲ್ಲರಿಗೂ ಮೊದಲೇ ತಂತಿ ಎನ್ನಲಾರೆ. ತಂಗಿಯ ಮಗಳಿಗೆ ಹತ್ತೊಂಬತ್ತು, ಅವಳಿಗೂ ಇಸಿಜಿಯಲ್ಲಿ ಇದೇ ಸಿಕ್ಕಿದೆ. ಆದರೆ ವರ್ಷಕ್ಕೆ ಎರಡು ಸಲ, ಐದೈದು ನಿಮಿಷ. ಉಳಿದ ದಿನ ಅದರ ನೆನಪೂ ಅವಳಿಗಿಲ್ಲ, ಕಬಡ್ಡಿ ಆಡುತ್ತಾಳೆ. ಅವಳ ಡಾಕ್ಟರೂ ಸದ್ಯಕ್ಕೆ ಊದಿದರೆ ಸಾಕು ಎಂದಿದ್ದಾರೆ, ನನಗೂ ಅದೇ ಸರಿ ಎನಿಸಿತು. ಹೊಸ ಸಿರಿಂಜು ಕೊಡಿಸಿದೆ. ಕಾಲು ಎಷ್ಟು ಎತ್ತಬೇಕು ಎಂಬುದನ್ನು ಅವಳ ಹಾಸ್ಟೆಲಿನ ರೂಮ್‌ಮೇಟ್‌ಗೆ ಹೋದ ಭಾನುವಾರ ವಿಡಿಯೊ ಕಾಲ್‌ನಲ್ಲಿ ತೋರಿಸಿಕೊಟ್ಟೆ. ಹುಡುಗಿ ಎರಡು ಸಲ ಮಾಡಿ ತೋರಿಸಿದಳು, ಎರಡನೇ ಸಲ ಸರಿಯಾಗಿ ಹಿಡಿದಳು.