ಓವನ್ ಕೂರಿಸುವ ಉಚಿತ ಸೇವೆ: ಬಡಗಿ ಕೆಲಸಕ್ಕೆ ಪೂರ್ಣ ಅಂಕ, ಪ್ಲಗ್ ಪಾಯಿಂಟಿಗೆ ಸೊನ್ನೆ

ಮೈಸೂರಿನ ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ಕಳೆದ ಮಳೆಗಾಲದಲ್ಲಿ ಹೊಸದಾಗಿ ಮಾಡಿಸಿದಾಗ, ಕ್ಯಾಬಿನೆಟ್ಟಿನೊಳಗೇ ಕೂರುವ ವಿದ್ಯುತ್ ಓವನ್ ಒಂದನ್ನೂ ಕೊಂಡೆವು. ಮಾಡ್ಯುಲರ್ ಅಡುಗೆಮನೆಯ ಕೆಲಸ ವಹಿಸಿಕೊಂಡಿದ್ದ ಸಂಸ್ಥೆಯು ಓವನ್ನನ್ನು ಉಚಿತವಾಗಿ ಕೂರಿಸಿಕೊಡುವುದಾಗಿ ಒಪ್ಪಿತ್ತು. ಈ ವಿಮರ್ಶೆ ಓವನ್ನಿನ ಬಗ್ಗೆ ಅಲ್ಲ, ಆ ಉಚಿತ ಸೇವೆಯ ಬಗ್ಗೆ.

ಮೊದಲು ಒಳ್ಳೆಯ ಮಾತು. ಬಡಗಿಗಳಿಬ್ಬರೂ ನುರಿತವರು. ಓವನ್ನಿನ ಗೂಡಿಗೆ ಬೇಕಾದ 560 ಮಿಲಿಮೀಟರ್ ಅಗಲ, 600 ಮಿಲಿಮೀಟರ್ ಎತ್ತರದ ಅಳತೆಯನ್ನು ಕೈಪಿಡಿ ನೋಡಿಯೇ ಗುರುತು ಹಾಕಿದರು. ಬಿಸಿಗಾಳಿ ಮೇಲೇರಲೆಂದು ಹಲಗೆಯ ಹಿಂಬದಿಯಲ್ಲಿ ನಾಲ್ಕು ಬೆರಳಗಲ ಜಾಗ ಬಿಟ್ಟರು. 35 ಕಿಲೋ ತೂಕದ ಓವನ್ನನ್ನು ಬಾಗಿಲಿನ ಹಿಡಿ ಹಿಡಿದು ಎತ್ತಬಾರದೆಂದು ಅವರಿಗೆ ನಾವು ಹೇಳಿಕೊಡಬೇಕಾಗಲಿಲ್ಲ.

ಆದರೆ ಒಳಗೆ ತಳ್ಳಿದ ಓವನ್ ಪೂರ್ತಿ ಒಳಹೋಗದೆ, ಎರಡು ಬೆರಳಿನಷ್ಟು ಮುಂದಕ್ಕೆ ಚಾಚಿಕೊಂಡು ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ, ಹಿಂದೆ ಫ್ರಿಜ್ ಇದ್ದ ಜಾಗದ ಹಳೆಯ ಪವರ್ ಪಾಯಿಂಟ್ ಸರಿಯಾಗಿ ಗೂಡಿನ ನಡುಮಧ್ಯದಲ್ಲಿತ್ತು. 16 ಆಂಪಿಯರ್‌ನ ದಪ್ಪ ಪ್ಲಗ್ಗು, ಅದರಿಂದ ಹೊರಟು ಬಾಗಬೇಕಾದ ದಪ್ಪ ವೈರು, ಎರಡೂ ಸೇರಿ ಗೋಡೆಯಿಂದ ಅರ್ಧ ಗೇಣಿನಷ್ಟು ಮುಂದೆ ಬಂದಿದ್ದವು. ಕ್ಯಾಬಿನೆಟ್ಟಿನ ನಕ್ಷೆ ಬರೆದಾಗಲಾಗಲಿ, ಗ್ರಾನೈಟ್ ಕೂರಿಸಿದಾಗಲಾಗಲಿ, ಪ್ಲಗ್ ಪಾಯಿಂಟ್ ಎಲ್ಲಿ ಬರುತ್ತದೆ ಎಂದು ಸಂಸ್ಥೆಯವರು ಒಮ್ಮೆಯೂ ಕೇಳಿರಲಿಲ್ಲ. ನಾವೂ ಯೋಚಿಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಸಂಸ್ಥೆಯ ಮೇಲ್ವಿಚಾರಕರು ಸೂಚಿಸಿದ ಪರಿಹಾರ ಕೇಳಿ ನನಗೆ ದಿಗಿಲಾಯಿತು. ಪ್ಲಗ್ಗನ್ನು ಕತ್ತರಿಸಿ ಚಿಕ್ಕ 6 ಆಂಪಿಯರ್ ಪ್ಲಗ್ ಹಾಕಬಹುದು, ಇಲ್ಲವೇ ಎಕ್ಸ್‌ಟೆನ್ಷನ್ ಬಾಕ್ಸ್ ಒಂದನ್ನು ಕೆಳಗಿನ ಡ್ರಾಯರಿನ ಹಿಂದೆ ಇಡಬಹುದು ಎಂದರು. ನಮ್ಮ ಓವನ್ನಿನ ಹಿಂದೆ ಅಂಟಿಸಿರುವ ಚೀಟಿಯಲ್ಲಿ 3,300 ವಾಟ್ ಎಂದಿದೆ. ಅದನ್ನು 230 ವೋಲ್ಟಿನಿಂದ ಭಾಗಿಸಿದರೆ 14 ಆಂಪಿಯರಿಗೂ ಹೆಚ್ಚು. ಮಿಕ್ಸಿಗೆಂದು ಇರುವ ಪ್ಲಗ್ಗಿನಲ್ಲಿ ಇಷ್ಟು ಕರೆಂಟು ಗಂಟೆಗಟ್ಟಲೆ ಹರಿದರೆ ಮೊದಲು ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಆಮೇಲೆ ಸುಟ್ಟ ವಾಸನೆ ಬರುತ್ತದೆ. ಅದು ಕಣ್ಣಿಗೆ ಕಾಣದ ಜಾಗದಲ್ಲಿ, ಪ್ಲೈವುಡ್ಡಿನ ಮಗ್ಗುಲಲ್ಲಿ.

ಕೆಲಸ ನಿಲ್ಲಿಸಿ, ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಅವರು ಮೊದಲು ಹೇಳಿದ್ದು ಒಂದೇ ಮಾತು: “ಸಾರ್, ಓವನ್ ಕೂತ್ಮೇಲೂ ಸ್ವಿಚ್ಚಿಗೆ ನಿಮ್ಮ ಕೈ ಎಟುಕ್ಬೇಕು. ಎಟುಕಲ್ಲ ಅಂದ್ರೆ ಪಾಯಿಂಟ್ ಅಲ್ಲಿ ಬೇಡ.” ಓವನ್ನಿನ ಬೆನ್ನ ಹಿಂದಿನ ಸಾಕೆಟ್ಟಿನ ನಿಜವಾದ ತೊಂದರೆ ಜಾಗದ್ದಲ್ಲ, ಏನಾದರೂ ಹೊಗೆಯಾಡಿದರೆ, ಪಕ್ಕದ ಸ್ಕ್ರೂಗಳನ್ನು ಬಿಚ್ಚಿ ಓವನ್ನನ್ನು ಹೊರಗೆಳೆಯದೆ ಪ್ಲಗ್ ಕೀಳಲು ಆಗುವುದಿಲ್ಲ ಎಂಬುದು. ಅವರು ಹಳೆಯ ಬಾಕ್ಸ್ ಬಿಚ್ಚಿ ತೋರಿಸಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು. ಅಲ್ಲಿಗೆ ಬಂದಿದ್ದದ್ದು 1.5 ಚದರ ಮಿಲಿಮೀಟರಿನ ತಂತಿ. ಅದೇ ತಂತಿಯಲ್ಲಿ ಮಿಕ್ಸಿ ಮತ್ತು ನೀರಿನ ಫಿಲ್ಟರ್ ಸಹ ಇದ್ದವು. ಮನೆಗೆಲ್ಲ ಕರೆಂಟು ಹಂಚುವ ಡಿಬಿ ಬಾಕ್ಸಿನಲ್ಲಿ ಅದಕ್ಕೆ ಕೂರಿಸಿದ್ದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಮಾತ್ರ 20 ಆಂಪಿಯರಿನದು. ಎಂಸಿಬಿ ಇರುವುದು ತಂತಿಯನ್ನು ಕಾಯಲು. ಸಣ್ಣ ತಂತಿಗೆ ದೊಡ್ಡ ಎಂಸಿಬಿ ಹಾಕಿದರೆ, ಅದು ಆಫ್ ಆಗುವ ಮೊದಲೇ ಗೋಡೆಯೊಳಗಿನ ತಂತಿ ಬಿಸಿಯಾಗುತ್ತದೆ.

ಅವರು ಡಿಬಿಯಿಂದ ಓವನ್ನಿಗೆಂದೇ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬೇರೆಯಾಗಿ ಎಳೆದು, 16 ಆಂಪಿಯರಿನ ಎಂಸಿಬಿ ಹಾಕಿ, ಹೊಸ ಸಾಕೆಟ್ಟನ್ನು ಬಲಗಡೆಯ ಪಾತ್ರೆ ಕ್ಯಾಬಿನೆಟ್ಟಿನೊಳಗೆ, ಬಾಗಿಲು ತೆರೆದೊಡನೆ ಕೈಗೆ ಸಿಗುವಂತೆ ಕೂರಿಸಿದರು. ಸಿಂಕ್ ಇರುವ ಎಡಗಡೆಯನ್ನು ಬೇಕೆಂದೇ ಬಿಟ್ಟರು. ನಡುವಿನ ಪ್ಲೈವುಡ್ಡಿನಲ್ಲಿ ಪ್ಲಗ್ ತೂರುವಷ್ಟು ದುಂಡನೆಯ ತೂತು ಕೊರೆದು, ಅಂಚನ್ನು ಉಜ್ಜಿ ನಯಗೊಳಿಸಿ, ಓವನ್ನಿನ ವೈರನ್ನು ಕತ್ತರಿಸದೆ ಹಾಗೆಯೇ ಆಚೆ ದಾಟಿಸಿದರು. ವೈರು ಓವನ್ನಿನ ಬಿಸಿ ಬೆನ್ನಿಗೆ ತಾಗದಂತೆ ತಳದಲ್ಲಿ ಕ್ಲಿಪ್ಪು ಹಾಕಿದ್ದಾರೆ. ಹಳೆಯ ಸಾಕೆಟ್ಟಿನ ಸಂಪರ್ಕ ತೆಗೆದು ಮುಚ್ಚಳ ಹಾಕಿದ ಮೇಲೆ, ಓವನ್ ಪಕ್ಕದ ಬಾಗಿಲುಗಳಿಗೆ ಸಮವಾಗಿ ಕೂತಿತು.

ವಿದೇಶದಿಂದ ಓವನ್ ತರಿಸಿಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಜರ್ಮನಿಯ ಕಡೆಯ ದುಂಡು ಪ್ಲಗ್ಗಿಗೆ ಅರ್ಥಿಂಗ್ ಸಿಗುವುದು ಅದರ ಪಕ್ಕದ ಲೋಹದ ಪಟ್ಟಿಯಿಂದ. ನಮ್ಮ ಸಾಕೆಟ್ಟಿನ ಎರಡು ತೂತುಗಳಿಗೆ ಅದನ್ನು ಹೇಗೋ ಸಿಕ್ಕಿಸಿದರೆ ಓವನ್ ಬಿಸಿಯಾಗುತ್ತದೆ, ಕೇಕೂ ಉಬ್ಬುತ್ತದೆ, ಅರ್ಥಿಂಗ್ ಮಾತ್ರ ಇರುವುದಿಲ್ಲ.

ಮೊದಲ ದಿನ ಕೈಪಿಡಿಯಲ್ಲಿ ಹೇಳಿದಂತೆ ಒಂದು ಗಂಟೆ ಖಾಲಿ ಓವನ್ನನ್ನೇ ಕಾಯಿಸಿದೆವು. ಹೊಸ ಎಣ್ಣೆಯ ಕಮಟು ವಾಸನೆಗೆ ಕಿಟಕಿಗಳನ್ನೆಲ್ಲ ತೆರೆಯಬೇಕಾಯಿತು. ಆಫ್ ಮಾಡಿ, ಪಕ್ಕದ ಕ್ಯಾಬಿನೆಟ್ಟಿಗೆ ಕೈ ಹಾಕಿ ಪ್ಲಗ್ಗಿನ ಬೆನ್ನು ಮುಟ್ಟಿ ನೋಡಿದೆ. ಉಗುರುಬೆಚ್ಚಗೂ ಇರಲಿಲ್ಲ.

ಎಲೆಕ್ಟ್ರಿಷಿಯನ್ ಕೂಲಿ, ತಂತಿ, ಎಂಸಿಬಿ ಎಲ್ಲ ಸೇರಿ 4,200 ರೂಪಾಯಿ ಆಯಿತು. ಅದನ್ನು ಸಂಸ್ಥೆಯ ಬಿಲ್ಲಿನಲ್ಲಿ ಕಳೆಯಲು ಕೇಳಿದ್ದಕ್ಕೆ, ವಿದ್ಯುತ್ ಕೆಲಸ ಒಪ್ಪಂದದಲ್ಲಿ ಇಲ್ಲ ಎಂಬ ಉತ್ತರ ಬಂತು. ಒಪ್ಪಂದವನ್ನು ತೆರೆದು ಓದಿದೆ, ಹೌದು, ಇರಲಿಲ್ಲ. ಆದರೆ ಗೂಡಿನ ಹಿಂದೆ ಏನಿದೆ ಎಂದು ಇಣುಕಿ ನೋಡುವುದು ಅಳತೆ ತೆಗೆಯುವವರ ಕೆಲಸವೇ ಎಂದು ನಾನು ಈಗಲೂ ನಂಬಿದ್ದೇನೆ. 5ಕ್ಕೆ 3 ಅಂಕ ಕೊಟ್ಟಿದ್ದೇನೆ, ಮೂರೂ ಬಡಗಿಗಳದು.