‘ಗ್ಯಾಸ್ ಖಾಲಿ ಆಗೇತ್ರಿ’ ಅಂದ ಕೂಡಲೇ ಹೂಂ ಅನ್ನಬೇಡಿ

ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ಗೊತ್ತಲ್ವಾ? ಅಂಥದ್ದರಲ್ಲೇ ನಮ್ಮ ಸಣ್ಣ ಸಿಂಗಲ್ ಡೋರ್ ಫ್ರಿಜ್ ಕೈಕೊಟ್ಟಿತು. ಬೆಳಗ್ಗೆ ನೋಡಿದರೆ ಹಾಲು ಒಡೆದಿದೆ, ಐಸ್ ಕರಗಿ ತರಕಾರಿ ಟ್ರೇ ತುಂಬ ನೀರು. ಲೈಟ್ ಮಾತ್ರ ಹತ್ತುತ್ತಿತ್ತು. ಹಿಂದೆ ಕಿವಿಯಿಟ್ಟರೆ ನಾಲ್ಕೈದು ನಿಮಿಷಕ್ಕೊಮ್ಮೆ ‘ಗುಂ’ ಅನ್ನೋದು, ಸ್ವಲ್ಪ ಹೊತ್ತಿಗೆ ‘ಟಿಕ್’ ಅಂತ ನಿಂತುಬಿಡೋದು. ಆ ಟಿಕ್ ಸದ್ದಿನಲ್ಲೇ ಎಲ್ಲಾ ಇತ್ತು, ನನಗೆ ತಿಳಿಯಲಿಲ್ಲ.

ಗಡಿಬಿಡಿಯಲ್ಲಿ ಫೋನಿನಲ್ಲಿ ಹುಡುಕಿ ಮೊದಲು ಸಿಕ್ಕ ನಂಬರಿಗೇ ಕರೆ ಮಾಡಿದೆ. ಬಂದವನು ಫ್ರೀಜರ್ ಒಳಗೆ ಕೈಯಾಡಿಸಿ, ‘ಗ್ಯಾಸ್ ಖಾಲಿ ಆಗೇತ್ರಿ ಅಕ್ಕಾರ, 2,800 ಆಕ್ಕೈತಿ’ ಅಂದ. ನಾನು ಚಹಾ ಸೋಸಿ ತರುವಷ್ಟರಲ್ಲಿ ಕಂಪ್ರೆಸರ್ ಓಡ್ತಾ ಇತ್ತು! ಎಷ್ಟು ಚುರುಕಪ್ಪಾ ಇವನು ಅಂತ ಖುಷಿಪಟ್ಟೆ, ಬಿಸ್ಕತ್ತೂ ಕೊಟ್ಟೆ. ಆಮೇಲೆ ಪೈಪಿಗೆ ಬೆಂಕಿ ಹಚ್ಚಿ ಏನೋ ಬೆಸೆದ, ಗ್ಯಾಸ್ ತುಂಬಿದ, ದುಡ್ಡು ಎಣಿಸಿಕೊಂಡ. ಬಿಲ್ ಕೇಳಿದ್ದಕ್ಕೆ, ‘ನಂಬರ್ ಐತಲ್ರಿ, ಫೋನ್ ಹಚ್ಚರಿ’.

ಮೂರೇ ವಾರ, ಮತ್ತೆ ತಂಪಿಲ್ಲ. ಈ ಸಲ ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಅಂಗೈಯಗಲ ಐಸ್. ಆ ನಂಬರ್ ಸ್ವಿಚ್ ಆಫ್.

ಆಮೇಲೆ ಹಳೇ ಹುಬ್ಬಳ್ಳಿ ಕಡೆಯ ವಯಸ್ಸಾದ ಮೆಕ್ಯಾನಿಕ್ ಕಾಕಾ ಒಬ್ಬರನ್ನು ಕರೆಸಿದೆವು. ಅವರು ಮೊದಲು ಮಾಡಿದ್ದೇ ಫ್ರಿಜ್ ತಿರುಗಿಸಿ ಟಾರ್ಚ್ ಹಿಡಿದದ್ದು. ಹಿಂದೆಲ್ಲ ಬೆರಳು ಹುದುಗುವಷ್ಟು ಧೂಳು, ಅದರ ನಡುವೆ ಕಂಪ್ರೆಸರಿನ ರಿಲೇ, ಅಂದರೆ ಅದನ್ನು ಸ್ಟಾರ್ಟ್ ಮಾಡೋ ಸಣ್ಣ ಸ್ವಿಚ್, ಒಂದೇ ಹೊಚ್ಚ ಹೊಸದು. ಅಂದರೆ ಮೊದಲು ಕೆಟ್ಟಿದ್ದು ಅದೊಂದೇ, ಕೆಲವು ನೂರು ರೂಪಾಯಿಯ ಸಾಮಾನು. ಅವನು ಅದನ್ನು ಸುಮ್ನೆ ಬದಲಿಸಿ, ನೆಟ್ಟಗಿದ್ದ ಗ್ಯಾಸ್ ಪೈಪನ್ನು ಕತ್ತರಿಸಿ ಗ್ಯಾಸ್ ತುಂಬೋ ವಾಲ್ವ್ ಕೂರಿಸಿ ಹೋಗಿದ್ದ. ಆ ವಾಲ್ವ್ ಬುಡದಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಕಾಕಾ ಫ್ರಿಜ್ ಬಂದ್ ಮಾಡಿ ಸೋಪಿನ ನೊರೆ ಹಚ್ಚಿದರು. ಸಾಸಿವೆಯಷ್ಟು ಗುಳ್ಳೆ ಒಂದೊಂದೇ ಎದ್ದವು. ‘ಅದೇನ್ ಪೆಟ್ರೋಲ್ ಅಲ್ಲವ್ವಾ, ತಾನಾಗೇ ತೀರಾಕ. ಖಾಲಿ ಆಗೇತಿ ಅಂದ್ರ ಎಲ್ಲೋ ಸೋರಾಕತ್ತೈತಿ ಅಂತ’ ಅಂದರು.

ಹೆದರಿಕೆ ಆಗಿದ್ದು ಅದಕ್ಕಲ್ಲ. ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ಬೆಂಕಿಯ ಗುರುತು, ಪಕ್ಕದಲ್ಲಿ ಆರ್-600ಎ ಅಂತ ಇತ್ತು. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಇದೇ ಗ್ಯಾಸ್, ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತೆ. ಅವನು ಪೈಪ್ ಬೆಸೆದದ್ದು ಕಿಟಕಿ ಮುಚ್ಚಿದ್ದ ಅಡುಗೆಮನೆಯಲ್ಲಿ.

ಫ್ರಿಜ್ ತಂಪಾಗದಿದ್ದರೆ ಯಾರನ್ನೂ ಕರೆಯುವ ಮೊದಲು ಸುಮ್ಮನೆ ಐದು ನಿಮಿಷ ಅದರ ಹಿಂದೆ ಕೂತು ಕೇಳಿ. ಟಿಕ್ ಅಂತ ನಿಲ್ಲುತ್ತಿದ್ದರೆ ರಿಲೇ, ಓವರ್‌ಲೋಡ್ (ಕಂಪ್ರೆಸರ್ ತೀರಾ ಬಿಸಿಯಾದರೆ ಕರೆಂಟ್ ಕಡಿಯೋ ಸ್ವಿಚ್) ನೋಡಿಸಿ. ಕರೆಂಟ್ ಡಿಮ್ ಇದ್ದರೂ ಹಾಗಾಗುತ್ತೆ, ಕೆಲವೊಮ್ಮೆ ಕಂಪ್ರೆಸರೇ ಹೋಗಿರುತ್ತೆ. ಸದ್ದೇ ಇಲ್ಲದಿದ್ದರೆ ಥರ್ಮೋಸ್ಟಾಟ್ ಇರಬಹುದು. ಗ್ಯಾಸ್ ಅಂದರೆ, ಎಲ್ಲಿ ಸೋರ್ತಿದೆ ತೋರ್ಸಪ್ಪಾ ಅನ್ನಿ. ಪೈಪ್ ಬಿಚ್ಚಿದರೆ ಒಳಗಿನ ತೇವ, ಕಸ ಹಿಡಿಯೋ ಫಿಲ್ಟರ್ ಹೊಸದು ಹಾಕಲೇಬೇಕು, ಗ್ಯಾಸ್ ತುಂಬುವ ಮೊದಲು ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ವ್ಯಾಕ್ಯೂಮ್ ಮಾಡಬೇಕು. ನಮ್ಮವನು ಎರಡೂ ಮಾಡಿರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳೋಣ ಅಂದರೆ ಕೈಯಲ್ಲಿ ಒಂದು ಬಿಲ್ಲೂ ಇಲ್ಲ.

ಕಾಕಾ 2,500 ತಗೊಂಡರು. ಒಟ್ಟು 5,300. ಅವನು ಹಾಕಿದ ರಿಲೇ ಮಾತ್ರ ಇನ್ನೂ ಚೆನ್ನಾಗೇ ಇದೆ.