ಟೆಂಪ್ಲೇಟೋ, ಪ್ರಿಸೆಟ್ಟೋ?

ವಿಡಿಯೊದ ಪರದೆಯ ಮೇಲೆ ಮೂಡುವ ಇಪ್ಪತ್ತು ಜನರ ಹೆಸರಿನ ಪಟ್ಟಿಗಳು ನಾಳೆ ಬೆಳಿಗ್ಗೆಯೊಳಗೆ ಒಂದೇ ಧಾಟಿಯಲ್ಲಿ ಬೇಕೆಂದರೆ ಟೆಂಪ್ಲೇಟನ್ನೇ, ಅಂದರೆ ಚಲನೆ ಸಮೇತ ಸಿದ್ಧವಾಗಿರುವ ವಿನ್ಯಾಸವನ್ನೇ ಹಿಡಿಯಿರಿ. ವಿಡಿಯೊ ಸಂಕಲನದ ತಂತ್ರಾಂಶವಾದ ಪ್ರೀಮಿಯರ್ ಪ್ರೊದ ಟೈಮ್‌ಲೈನಿಗೆ ಎಳೆದು ಹಾಕಿ, ಹೆಸರು, ಬಣ್ಣ ಬದಲಿಸಿದರೆ ಮುಗಿಯಿತು. ಅಕ್ಷರ, ಚಿತ್ರಗಳಿಗೆ ಚಲನೆ ಕೊಡುವ ತಂತ್ರಾಂಶವಾದ ಆಫ್ಟರ್ ಎಫೆಕ್ಟ್ಸ್ ತೆರೆಯುವ ಗೋಜೇ ಇಲ್ಲ. ತೊಡಕೆಂದರೆ, ತಯಾರಿಸಿದವರು ಬಿಟ್ಟುಕೊಟ್ಟದ್ದನ್ನು ಮಾತ್ರ ನೀವು ಬದಲಿಸಬಹುದು. ಉದ್ದನೆಯ ಹೆಸರು ಹಾಕಿದಾಗ ಅದರ ಹಿಂಬದಿಯ ಬಣ್ಣದ ಪಟ್ಟಿ ಹಿಗ್ಗದೆ, ಕೊನೆಯ ಎರಡಕ್ಷರ ಹೊರಗೆ ಜೋತುಬಿದ್ದದ್ದನ್ನು ಕಂಡಿದ್ದೇನೆ.

ಪ್ರಿಸೆಟ್ ಬೇರೆಯದೇ ಜಾತಿ. ಅದು ಸಿದ್ಧ ವಿನ್ಯಾಸವಲ್ಲ; ಎಫೆಕ್ಟ್, ಕೀಫ್ರೇಮ್ (ಯಾವ ಕ್ಷಣದಲ್ಲಿ ಯಾವ ಬೆಲೆ ಎಂದು ಗುರುತಿಡುವ ಬಿಂದು), ಎಕ್ಸ್‌ಪ್ರೆಶನ್ (ಚಲನೆಯನ್ನು ನಡೆಸುವ ಪುಟ್ಟ ಕೋಡ್) ಇವನ್ನು ಕಟ್ಟಿಟ್ಟ ಗಂಟು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ನಿಮ್ಮದೇ ಲೇಯರ್ ಆರಿಸಿ ಅದನ್ನು ಹಚ್ಚಿ, ಯು ಕೀಲಿ ಒತ್ತಿದರೆ ಕೀಫ್ರೇಮ್‌ಗಳು ಕಣ್ಣೆದುರು ಬಿಚ್ಚಿಕೊಳ್ಳುತ್ತವೆ. ಒಂದನ್ನು ಆರು ಫ್ರೇಮ್ ಆಚೆ ಸರಿಸಿ ನೋಡಿ, ಅಕ್ಷರಗಳ ನಡಿಗೆಯೇ ಬದಲಾಗುತ್ತದೆ. ಕಲಿಯುವವರಿಗೆ ನಾನು ಹೇಳುವುದು ಪ್ರಿಸೆಟ್ಟನ್ನೇ. ಆದರೆ ಚಲನೆ ಸಾಮಾನ್ಯವಾಗಿ ಶುರುವಾಗುವುದು ಸಮಯಸೂಚಕ (ಟೈಮ್‌ಲೈನಿನಲ್ಲಿ ಈಗಿನ ಕ್ಷಣ ತೋರಿಸುವ ಗೆರೆ) ನಿಂತಲ್ಲಿಂದ; ಅದನ್ನು ಮರೆತು ಹಚ್ಚಿ, ಶೀರ್ಷಿಕೆ ನಡುವೆಲ್ಲೋ ಕುಣಿಯತೊಡಗಿದಾಗ ತಲೆ ಚಚ್ಚಿಕೊಂಡದ್ದೂ ಉಂಟು.

ಎರಡನ್ನೂ ಬೆಸೆಯುವ ದಾರಿಯೂ ಇದೆ: ಪ್ರಿಸೆಟ್ ಹಚ್ಚಿ ತಿದ್ದಿದ ಶೀರ್ಷಿಕೆಯನ್ನು ಆಫ್ಟರ್ ಎಫೆಕ್ಟ್ಸ್‌ನ ಎಸೆನ್ಷಿಯಲ್ ಗ್ರಾಫಿಕ್ಸ್ ಫಲಕದಿಂದ ನಿಮ್ಮದೇ ಟೆಂಪ್ಲೇಟಾಗಿ ರಫ್ತು ಮಾಡಬಹುದು. ಆಗ ಪಟ್ಟಿ ಎಷ್ಟು ಹಿಗ್ಗಬೇಕೆಂಬುದೂ ನಿಮ್ಮ ಕೈಯಲ್ಲೇ ಇರುತ್ತದೆ.